ಮುಂದಿನ ಸೀಟಿನ ವಾದ

ನಮ್ಮ ಸಾರ್ ಹೋಗಿಬಿಟ್ಟರು ಎಂದು ಕಳೆದ ಭಾನುವಾರ ಬೆಳಿಗ್ಗೆ ಕಾಲೇಜಿನ ನಾರಾಯಣಸ್ವಾಮಿ ಫೋನ್ ಮಾಡಿದಾಗ ನಾನು ಒಲೆಯ ಮುಂದೆ ನಿಂತು ದೋಸೆ ಹುಯ್ಯುತ್ತಿದ್ದೆ. ಅಳು ಬರಲಿಲ್ಲ. ಬಲಗಾಲು ತಾನಾಗಿ ನೆಲವನ್ನು ಒತ್ತಿ ಹಿಡಿಯಿತು. ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೂ ಇಲ್ಲದ ಬ್ರೇಕನ್ನು ತುಳಿಯುವ ಈ ಚಾಳಿ ಸಾರ್ ಕಾರಿನ ಮುಂದಿನ ಸೀಟಿನಲ್ಲಿ ಕೂತು ಕೂತು ಅಂಟಿಕೊಂಡದ್ದು. ಅವರ ಬಗ್ಗೆ ಬರೆಯೋಣವೆಂದು ಕೂತರೆ ಗೌರವ, ಪ್ರೀತಿ ಎಲ್ಲ ಆಮೇಲೆ ಬರುತ್ತವೆ. ಮೊದಲು ಬರುವುದು ಭಯವೇ.

ಅವರ ಹೆಸರು ಬರೆಯುವುದಿಲ್ಲ. ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿ ಕಡೆಯವರು, ಮನೆಮಾತು ತೆಲುಗು. ಹಿರಿಯರ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಮನೆಯ ಪದ್ಧತಿಯನ್ನು ಅವರು ಹಾಲಿವುಡ್ಡಿನವರೆಗೂ ಒಯ್ದಿದ್ದರು. ಕಪ್ಪು ಬಿಳುಪಿನ ಕಾಲದಲ್ಲಿ ತಾನೇ ಬರೆದು ತಾನೇ ನಿರ್ದೇಶಿಸಿ ದೊಡ್ಡವನಾದ ಒಬ್ಬ ಸಿನಿಮಾದವನೆಂದರೆ ಅವರಿಗೆ ಪ್ರಾಣ. ಅವನನ್ನು 'ತಾತ' ಅನ್ನುತ್ತಿದ್ದರೇ ಹೊರತು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಹೊಸಬರು ಇವರ ಸ್ವಂತ ತಾತನ ಮಾತೆಂದೇ ತಿಳಿಯುತ್ತಿದ್ದರು. ಒಮ್ಮೆ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗಳ ಭಾಷಣ ಮುಗಿಯುವ ಲಕ್ಷಣವೇ ಕಾಣದಾಗ, "ತಾತ ಆಗಿದ್ರೆ ಇದನ್ನ ಅರ್ಧಕ್ಕೇ ಕಟ್ ಮಾಡ್ತಿದ್ದ" ಎಂದು ಪಕ್ಕದವರಿಗೆ ಹೇಳಿ, ಅದು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿ ಫಜೀತಿಯಾಗಿತ್ತು.

ನಾನು ಕೋಲಾರದಲ್ಲಿ ಡಿಗ್ರಿ ಓದುವಾಗ ಅವರು ನಮಗೆ ಇಂಗ್ಲಿಷ್ ಮೇಷ್ಟ್ರು. ಹಾಜರಿ ಕೂಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಒಂದು ಸಲ ಕಣ್ಣಾಡಿಸಿದರೆ ಯಾರು ಬಂದಿದ್ದಾರೆ, ಯಾರು ಚಕ್ಕರ್ ಎಂದು ಅವರಿಗೆ ತಿಳಿದುಬಿಡುತ್ತಿತ್ತು. "ಲೇ, ಕೊನೇ ಬೆಂಚು, ನೀಲಿ ಪೆನ್ನು! ಕ್ಯಾಪ್ ಕಚ್ಚೋದು ಬಿಡೋ" ಎಂದು ಬೋರ್ಡಿನ ಮೇಲೆ ಬರೆಯುತ್ತಲೇ ಗದರುತ್ತಿದ್ದರು. ಬೆನ್ನಿಗೂ ಕಣ್ಣಿದೆ ಎಂದು ನಾವು ನಂಬಿದ್ದೆವು. ಅವರು ಕಾರಿಡಾರಿನಲ್ಲಿ ಬರುವ ಸದ್ದು ಕೇಳಿದರೆ ನನ್ನ ಅಂಗೈ ಒದ್ದೆಯಾಗುತ್ತಿತ್ತು. ಆ ಭಯವನ್ನು ಈಗ ನೆನೆದರೆ ನಗು ಬರುತ್ತದೆ. ಅದು ಮಕ್ಕಳ ಭಯ, ನಿಜವಾದದ್ದು ಆಮೇಲೆ ಬಂತು.

ಶನಿವಾರ ಮಧ್ಯಾಹ್ನ ಕಾಲೇಜಿನ ಹಾಲ್‌ನಲ್ಲಿ ಟೀವಿ ಇಟ್ಟು ತಾತನ ಸಿನಿಮಾ ಹಾಕುತ್ತಿದ್ದರು. ಸೌಂಡ್ ಪೂರ್ತಿ ತೆಗೆದುಬಿಟ್ಟು. "ಬಾಯಿಗೆ ಬೀಗ ಹಾಕಿದ್ರೂ ಕಥೆ ಅರ್ಥ ಆಗ್ತಿದೆಯಾ? ಹಂಗಾದ್ರೆ ಅದು ಡೈರೆಕ್ಷನ್ನು. ಮಾತು ಗೀತು ಎಲ್ಲ ಒಗ್ಗರಣೆ" ಅನ್ನುತ್ತಿದ್ದರು. ನನಗೆ ಒಳಗೊಳಗೇ ಉರಿಯುತ್ತಿತ್ತು. ಆದರೆ ಎದ್ದು ನಿಂತು ಹೇಳುವ ಧೈರ್ಯ ಎಲ್ಲಿತ್ತು?

ಧೈರ್ಯ ಬಂದದ್ದು ಎಷ್ಟೋ ವರ್ಷದ ಮೇಲೆ. ನಾನು ಮುಳಬಾಗಿಲಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ; ಸರ್ವೀಸಿನ ಕೊನೆಯಲ್ಲಿ ಅವರೂ ಅಲ್ಲಿಗೇ ವರ್ಗವಾಗಿ ಬಂದರು. ಇಬ್ಬರ ಮನೆಯೂ ಕೋಲಾರದಲ್ಲೇ. ಕಾಮರ್ಸಿನ ನಾರಾಯಣಸ್ವಾಮಿ, ಹಿಸ್ಟರಿಯ ಶಾಹಿದಾ, ನಾನು, ಮೂವರೂ ಅವರ ಹಳೆಯ ಕಾರಿನಲ್ಲಿ ಹೋಗಿ ಬರುವುದೆಂದಾಯಿತು. ಸೀಟಿನ ಹಂಚಿಕೆ ಅವರದ್ದೇ: "ವಾದ ಮಾಡೋರು ಮುಂದೆ, ನಿದ್ದೆ ಮಾಡೋರು ಹಿಂದೆ." ಹಾಗಾಗಿ ಮುಂದಿನ ಸೀಟು ನನ್ನ ಪಾಲಿಗೆ ಬಂತು. ಶಾಹಿದಾ ಬಾಗಿಲು ಹಾಕಿಕೊಳ್ಳುವ ಮೊದಲೇ ನಿದ್ದೆಹೋಗುವವಳು.

ನಮ್ಮ ವಾದ ಒಂದೇ. ತಾತ ದೊಡ್ಡ ರೈಟರ್ರೋ, ದೊಡ್ಡ ಡೈರೆಕ್ಟರ್ರೋ? ತಾತನ ಒಂದು ಸಿನಿಮಾದಲ್ಲಿ ಗಂಡ ಊಟದ ಮೇಜಿಗೆ ಕೂತಿರುತ್ತಾನೆ. ಹೊರಗಿನಿಂದ ಬಂದ ಹೆಂಡತಿ ಬಾಗಿಲಲ್ಲೇ ನಿಂತು ಒಂದು ಕೈಗವಸು ಬಿಚ್ಚುತ್ತಾಳೆ, ಇನ್ನೊಂದನ್ನು ಬಿಚ್ಚುವುದಿಲ್ಲ. ಅವಳು ಉಳಿಯಲು ಬಂದಿಲ್ಲವೆಂದು ಗಂಡನಿಗೂ ನಮಗೂ ಒಟ್ಟಿಗೇ ತಿಳಿಯುತ್ತದೆ.

"ನೋಡು, ಒಂದಾದ್ರೂ ಮಾತಿದೆಯಾ ಅಲ್ಲಿ?" ಅನ್ನುತ್ತಿದ್ದರು ಸಾರ್.

"ಇನ್ನೊಂದನ್ನ ಬಿಚ್ಚೋದಿಲ್ಲ ಅಂತ ಯಾರೋ ಮೊದ್ಲು ಕಾಗದದ ಮೇಲೆ ಬರೀಬೇಕಲ್ವಾ ಸಾರ್?"

"ಬರೆದ್ರೆ ಏನಾಯ್ತಮ್ಮ? ಎಷ್ಟು ಹೊತ್ತು ನಿಲ್ಲಬೇಕು ಅಂತ ಬರೆಯೋಕ್ಕಾಗುತ್ತಾ? ಆ ನಿಲ್ಲೋದಿದೆಯಲ್ಲ, ಅದು ಡೈರೆಕ್ಟರ್‌ದು ಕಣಮ್ಮ." ಹೀಗೆ ಹೇಳುತ್ತಾ ಎರಡೂ ಕೈ ಎತ್ತಿ ಗಾಳಿಯಲ್ಲಿ ಚೌಕಟ್ಟು ಕಟ್ಟಿ ತೋರಿಸುವರು. ಹಿಂದಿನಿಂದ ನಾರಾಯಣಸ್ವಾಮಿ, "ಸಾರ್, ಸ್ಟೇರಿಂಗು!" ಎಂದು ಕಿರುಚುವನು. ಇದು ದಿನದ ನಾಟಕ.

ಒಂದು ವರ್ಷ, ಮಾವು ಹೂ ಬಿಡುವ ಹೊತ್ತಿನಲ್ಲಿ, ಸಾರ್ ವಾದದಲ್ಲಿ ಸಡಿಲವಾಗತೊಡಗಿದರು. "ನಿನ್ನೆ ಮತ್ತೆ ಆ ಸಿನಿಮಾ ಹಾಕಿದ್ದೆ. ಆ ಹೆಂಗಸು ಒಂದು ಮಾತಾಡ್ತಾಳೆ ನೋಡು, ಬರೆದೋನ ಕೈಗೆ ಬಂಗಾರದ ಕಡಗ ತೊಡಿಸ್ಬೇಕು" ಎಂದರು ಒಂದು ಬೆಳಿಗ್ಗೆ. ನನಗೆ ಕಿವಿಯನ್ನೇ ನಂಬಲಾಗಲಿಲ್ಲ. ದಿನ ಕಳೆದಂತೆ ಮಾತುಗಳನ್ನೇ ಹೊಗಳತೊಡಗಿದರು, ಕ್ಯಾಮೆರಾದ ಸುದ್ದಿಯೇ ಇಲ್ಲ. ನಾನು ಮನೆಗೆ ಬಂದು ನಮ್ಮ ಯಜಮಾನರ ಮುಂದೆ ಜಂಬ ಕೊಚ್ಚಿಕೊಂಡೆ, "ಕೊನೆಗೂ ಮೇಷ್ಟ್ರನ್ನ ಸೋಲಿಸಿದೆ ರೀ!"

ಅದೇ ದಿನಗಳಲ್ಲಿ ಸಾರ್ ಒಂದು ಹೊಸ ಆಟ ಶುರು ಮಾಡಿದರು. "ಬರವಣಿಗೆ ದೊಡ್ಡದು ಅಂತೀಯಲ್ಲ, ಬರಿ ನೋಡೋಣ. ನೀನು ರೈಟರ್ರು, ನಾನು ಡೈರೆಕ್ಟರ್ರು. ಮುಂದೆ ರೋಡಲ್ಲಿ ಏನು ಕಾಣುತ್ತೋ ಸ್ಕ್ರಿಪ್ಟ್ ಥರ ಹೇಳ್ತಾ ಬಾ. ಕವಿತ್ವ ಬೇಡ. ಏನಿದೆ, ಎಲ್ಲಿದೆ, ಯಾವ ಕಡೆ ಹೋಗ್ತಿದೆ, ಅಷ್ಟೇ. ತಾತ ಹಂಗೇ ಬರೀತಿದ್ದ."

ನಾನು ಉಬ್ಬಿಹೋದೆ. "ಎಡಗಡೆ ಟೊಮೆಟೊ ಕ್ರೇಟ್ ತುಂಬಿದ ಟೆಂಪೋ, ನಿಧಾನವಾಗಿ ಹೋಗ್ತಿದೆ. ಬಲಗಡೆ ಖಾಲಿ. ದೂರದಲ್ಲಿ ಒಂದು ಬೈಕು, ಹಿಂದೆ ಹುಲ್ಲಿನ ಹೊರೆ, ರಾಂಗ್ ಸೈಡಲ್ಲಿ ಬರ್ತಿದೆ" ಎಂದು ಒಪ್ಪಿಸುತ್ತಿದ್ದೆ. ಅವರು "ಓಕೆ" ಎಂದು ಟೆಂಪೋ ದಾಟಿಸುವರು. ಒಂದು ದಿನ ನನ್ನ ಕನ್ನಡ ತಡೆಯಲಾರದೆ, "ಬಿಸಿಲಿಗೆ ಮಿನುಗುವ ಹಾಲಿನ ಟ್ಯಾಂಕರ್" ಎಂದೆ. "ಮಿನುಗೋದು ಹಾಳಾಗ್ಲಿ, ಎಷ್ಟು ದೂರ ಇದೆ ಹೇಳು!" ಎಂದು ರೇಗಿದರು. ಹಿಂದೆ ನಾರಾಯಣಸ್ವಾಮಿ ನಕ್ಕ, ನಾನೂ ನಕ್ಕೆ. ಬೆಳಿಗ್ಗೆ ಮುಳಬಾಗಿಲಿಗೆ ಹೋಗುವಾಗ ಎದುರು ಸೂರ್ಯ, ಸಂಜೆ ಕೋಲಾರಕ್ಕೆ ಬರುವಾಗಲೂ ಎದುರೇ ಸೂರ್ಯ. ಅವರು ಕಣ್ಣು ಕಿರಿದು ಮಾಡಿ ಕತ್ತು ಓರೆ ಮಾಡುವುದನ್ನು ನೋಡಿದರೂ ಯಾರಿಗೂ ಏನೂ ಅನ್ನಿಸಲಿಲ್ಲ.

ಆಮೇಲೊಂದು ಬೆಳಿಗ್ಗೆ ನಮಗೆ ಜಗಳವಾಯಿತು. "ಕನ್ನಡದೋರಿಗೆ ಮಾತು ಬಿಟ್ರೆ ಬೇರೆ ಏನು ಗೊತ್ತು" ಎಂದೇನೋ ಅಂದರು. ನಾನು ಸಿಟ್ಟಿನಿಂದ ಮುಖ ಕಿಟಕಿಗೆ ತಿರುಗಿಸಿ, "ಇವತ್ತು ನಾನು ಹೇಳಲ್ಲ ಸಾರ್. ನೀವೇ ಡೈರೆಕ್ಟ್ ಮಾಡ್ಕೊಳ್ಳಿ" ಎಂದೆ.

"ಹೇಳಮ್ಮ, ತಮಾಷೆ ಮಾಡ್ಬೇಡ."

ನಾನು ಬಿಗಿದ ತುಟಿ ಬಿಚ್ಚಲಿಲ್ಲ. ಕಾರು ನಿಧಾನವಾಯಿತು. ಬಿಳಿ ಗೆರೆಯ ಆ ಕಡೆಗೊಮ್ಮೆ, ಈ ಕಡೆಗೊಮ್ಮೆ ಜಾರಿತು. ಹಿಂದಿನ ಲಾರಿಯವನು ಉದ್ದಕ್ಕೆ ಹಾರನ್ ಹೊಡೆದ.

"ಚೆಪ್ಪಮ್ಮಾ," ಎಂದರು ಸಾರ್. "ಚೆಪ್ಪು ತಲ್ಲೀ, ಚೆಪ್ಪು."

ಅವರು ನನ್ನೊಡನೆ ಎಂದೂ ತೆಲುಗು ಆಡಿದವರಲ್ಲ. ಆ ದನಿ ಹೇಳು ಎಂದು ಕೇಳುವ ಮೇಷ್ಟ್ರ ದನಿಯಾಗಿರಲಿಲ್ಲ, ಅಂಗಲಾಚುವ ದನಿ. ತಿರುಗಿ ನೋಡಿದೆ. ಕತ್ತನ್ನು ಪಕ್ಕಕ್ಕೆ ವಾಲಿಸಿ, ಕಣ್ಣಂಚಿನಿಂದ ರಸ್ತೆಯನ್ನು ಹುಡುಕುತ್ತಿದ್ದರು. ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ನಾನು ಮುಂದಕ್ಕೆ ನೋಡಿದರೆ ಕೆಟ್ಟು ನಿಂತ ಒಂದು ಲಾರಿ, ಅದರ ಹಿಂದೆ ರಸ್ತೆಯ ಮೇಲೆ ಗುರುತಿಗೆ ಹಾಕಿದ ಹಸಿರು ಕೊಂಬೆಗಳು. ನಾವು ನೇರವಾಗಿ ಅದಕ್ಕೇ ಹೋಗುತ್ತಿದ್ದೆವು.

"ಲಾರಿ! ನಿಂತಿದೆ! ಬಲಕ್ಕೆ ಸಾರ್, ಬಲಕ್ಕೆ!"

ಚಕ್ರದ ಕೆಳಗೆ ಕೊಂಬೆಗಳು ಲಟಲಟ ಮುರಿದವು. ಲಾರಿಯ ಹಿಂಬದಿ ನನ್ನ ಕಿಟಕಿಯ ಪಕ್ಕದಲ್ಲೇ ಸರಿದುಹೋಯಿತು. ಶಾಹಿದಾ ಎದ್ದು "ಏನಾಯ್ತು?" ಎಂದಳು. "ಏನಿಲ್ಲಮ್ಮ, ರೈಟರ್ ಮುನಿಸ್ಕೊಂಡಿದ್ರು" ಎಂದು ಸಾರ್ ನಕ್ಕರು. ನನಗೆ ನಗಲಾಗಲಿಲ್ಲ. ಆ ಕ್ಷಣದಲ್ಲಿ ಎಲ್ಲ ಗೊತ್ತಾಯಿತು. ಕಾರು ಓಡುತ್ತಿದ್ದದ್ದು ನನ್ನ ಮಾತಿನ ಮೇಲೆ. ಅಲ್ಲಿಂದ ಕಾಲೇಜಿನ ಗೇಟಿನವರೆಗೆ ನಾನು ಉಸಿರು ತೆಗೆದುಕೊಳ್ಳಲೂ ಹೆದರಿ ಹೇಳುತ್ತಲೇ ಹೋದೆ.

ಮಧ್ಯಾಹ್ನ ಅವರು ಒಬ್ಬರೇ ಹೊಂಗೆ ಮರದ ಕೆಳಗೆ ಕೂತಿದ್ದಾಗ ಹೋಗಿ ಕೇಳಿದೆ. ಮೊದಲು ಗದರಿದರು. ಆಮೇಲೆ ಕೈಯಲ್ಲಿದ್ದ ಕರ್ಚೀಫನ್ನು ಮಡಚುತ್ತಾ, ಬಿಚ್ಚುತ್ತಾ ಹೇಳಿದರು:

"ನಡುವೆ ಮಸಿ ಬಳಿದಂಗಿದೆ ಕಣಮ್ಮ. ಅಂಚು ಕಾಣುತ್ತೆ. ನಿನ್ನ ಸೆರಗು ಕಾಣುತ್ತೆ, ಮುಖ ಕಾಣಲ್ಲ. ಬೆಂಗಳೂರಲ್ಲಿ ತೋರಿಸ್ದೆ. ಇನ್ನು ಇಷ್ಟೇ ಅಂದ್ರು."

"ಹಂಗಾದ್ರೆ ಕಾರು ಯಾಕೆ ಸಾರ್? ನಾರಾಯಣಸ್ವಾಮಿ ಓಡಿಸ್ಲಿ."

"ಯಾಕೆ ಅಂತ ಕೇಳಲ್ವಾ ಅವನು? ಕೇಳಿದ್ಮೇಲೆ ಕಾಲೇಜಿಗೆಲ್ಲ ಗೊತ್ತಾಗಲ್ವಾ? ಜೀವಮಾನ ಪೂರ್ತಿ ನೋಡ್ರೋ, ನೋಡ್ರೋ ಅಂದೋನು ನಾನು. ಕಣ್ಣಿಲ್ದೋನು ಪಿಕ್ಚರ್ ಬಗ್ಗೆ ಮಾತಾಡಿದ್ರೆ ಯಾರು ಕೇಳ್ತಾರೆ? ರಿಟೈರ್ ಆಗೋವರ್ಗೂ ತಡಿ. ನೀನು ಹೇಳು, ನಾನು ಓಡಿಸ್ತೀನಿ."

"ಮೂರು ಜನರ ಪ್ರಾಣ ಸಾರ್."

"ನಂದೂ ಸೇರಿಸ್ಕೋ." ಕರ್ಚೀಫನ್ನು ಜೇಬಿಗೆ ತುರುಕಿ ಕೇಳಿದರು, "ಭಯ ಆಗುತ್ತಾ?"

"ತುಂಬಾ ಆಗುತ್ತೆ ಸಾರ್."

"ನನಗೂ" ಎಂದರು. ನಾವು ಡಿಗ್ರಿಯಲ್ಲಿ ಹೆದರುತ್ತಿದ್ದ ಆ ಹುಲಿಯಂಥ ಮೇಷ್ಟ್ರು ಹೇಳಿದ ಮಾತಿದು. ಅವರು ತಾತನ ಮಾತುಗಳನ್ನು ಯಾಕೆ ಹೊಗಳತೊಡಗಿದ್ದರೆಂದು ಆಗ ಹೊಳೆಯಿತು. ಟೀವಿಯಲ್ಲಿ ಅವರಿಗೆ ಉಳಿದಿದ್ದದ್ದು ಅಷ್ಟೇ. ಅದನ್ನೇ ಗೆಲುವೆಂದು ಯಜಮಾನರ ಮುಂದೆ ಕುಣಿದಿದ್ದೆ ನಾನು.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಬೆಳಿಗ್ಗೆ ಮನೆಯ ಮುಂದೆ ಹಾರನ್ ಕೇಳಿದರೆ ತಿಂಡಿಯ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಬಸ್ಸಿಗೆ ಹೋಗಿಬಿಡಬಹುದಿತ್ತು. ಆದರೆ ನಾನು ಬಿಟ್ಟರೆ ಆ ಸೀಟಿನಲ್ಲಿ ಶಾಹಿದಾ ಕೂರುತ್ತಾಳೆ. ಕೂತೊಡನೆ ಕಣ್ಣು ಮುಚ್ಚುತ್ತಾಳೆ. ಆ ಯೋಚನೆ ಬಂದರೆ ಓಡಿಹೋಗಿ ಮುಂದಿನ ಬಾಗಿಲು ತೆಗೆದು ಕೂರುತ್ತಿದ್ದೆ. ಸೀನಲು ಹೆದರಿಕೆ, ಕೆಮ್ಮಲು ಹೆದರಿಕೆ. ಒಂದು ದಿನ ಗಂಟಲು ಕಟ್ಟಿತ್ತು. ಬಿಸಿನೀರಿನ ಫ್ಲಾಸ್ಕ್ ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಾ ಎಡ ಬಲ ಹೇಳಿದೆ. ಮನೆಯಲ್ಲಿ ಮೆಟ್ಟಿಲು ಇಳಿಯುವಾಗಲೂ ತುಟಿ ಅಲುಗುತ್ತಿತ್ತು. "ಯಾರ ಜೊತೆ ಮಾತಾಡ್ತೀಯೇ?" ಎಂದು ಯಜಮಾನರು ಕೇಳಿದರು.

ತಡೆಯಲಾರದೆ ನಾರಾಯಣಸ್ವಾಮಿಗೆ ಹೇಳಿದೆ. ಅವನು ನಂಬಲಿಲ್ಲ. "ಏನ್ ಮೇಡಮ್ ನೀವು? ನಿನ್ನೆ ತಾನೇ ನನ್ನ ಶರ್ಟ್ ನೋಡಿ, ಏನ್ಲಾ, ಹಳದಿ ಹಾಕ್ಕೊಂಡು ಮದುವೆಗೆ ಹೊರಟಿದ್ದೀಯಾ ಅಂದ್ರು. ವಾದದಲ್ಲಿ ಗೆದ್ದಿದ್ದು ಸಾಲ್ದು ಅಂತ ಅವರ ಕಣ್ಣಿಗೇ ಕೈ ಹಾಕ್ತೀರಲ್ಲ!" ಅಂಚಿನಲ್ಲಿ ಬಣ್ಣ ಕಾಣುತ್ತದೆಂದು ಅವನಿಗೆ ಹೇಗೆ ತಿಳಿಸುವುದು? ಸಾರ್ ಒಪ್ಪುವುದಿಲ್ಲ, ಇವನು ನಂಬುವುದಿಲ್ಲ, ರಸ್ತೆಯಲ್ಲಿ ಮಾವಿನ ಲಾರಿಗಳು ಬೇರೆ ಹೆಚ್ಚುತ್ತಿದ್ದವು. ಒಂದು ದಿನ ನಾನು ತಡವಾಗಿ ನೋಡುತ್ತೇನೆ, ಒಂದು ದಿನ ತಪ್ಪಾಗಿ ಹೇಳುತ್ತೇನೆ, ಅಂದಿಗೆ ಮುಗಿಯಿತು.

ಕೊನೆಗೆ ಮಾಡಬಾರದ ಕೆಲಸವನ್ನೇ ಮಾಡಿದೆ. ದೇವರಾಯಸಮುದ್ರದ ಹತ್ತಿರ ಟೀ ಕುಡಿಯಲು ನಾವು ಹೆದ್ದಾರಿ ಬಿಟ್ಟು ಪಕ್ಕದ ಸರ್ವೀಸ್ ರಸ್ತೆಗೆ ಇಳಿಯುತ್ತಿದ್ದೆವು. ಆ ಬೆಳಿಗ್ಗೆ ಅಲ್ಲಿ ಮುಂದೆ ಒಂದು ಸೈಕಲ್ ಕೂಡ ಇರಲಿಲ್ಲ. ಕತ್ತು ತಿರುಗಿಸಿ ಹಿಂದೆ ನೋಡಿದೆ, ಅಲ್ಲೂ ಏನೂ ಇಲ್ಲ.

"ಎದುರಿಗೆ ಹಸು ಸಾರ್. ಅಡ್ಡ ನಿಂತಿದೆ. ನಿಲ್ಸಿ!"

ಸಾರ್ ಬ್ರೇಕ್ ತುಳಿದರು. ನಾರಾಯಣಸ್ವಾಮಿಯ ಹಣೆ ನನ್ನ ಸೀಟಿಗೆ ಬಡಿಯಿತು.

"ಯಾಕ್ ಸಾರ್ ನಿಲ್ಸಿದ್ರಿ?"

"ಹಸು ಕಣಯ್ಯ. ಕಾಣಲ್ವಾ?" ಎಂದು ಸಾರ್ ಹಾರನ್ ಹೊಡೆದರು. ಖಾಲಿ ರಸ್ತೆಗೆ. ಮತ್ತೊಮ್ಮೆ ಹೊಡೆದು ಕಾದರು. "ಹೋಯ್ತೇನಮ್ಮ?" ಎಂದು ನನ್ನನ್ನು ಕೇಳಿದರು.

ನನಗೆ ಉತ್ತರ ಕೊಡಲಾಗಲಿಲ್ಲ. ಶಾಹಿದಾ ನನ್ನ ಭುಜ ಹಿಡಿದುಕೊಂಡಳು. ಅವಳ ಉಗುರು ರವಿಕೆ ದಾಟಿ ಚುಚ್ಚುತ್ತಿತ್ತು. ಆ ಮೌನ ಉದ್ದವಾಗುತ್ತಿದ್ದಂತೆ ಸಾರ್‌ಗೆ ಅರ್ಥವಾಯಿತು. ಅವರ ಮುಖದಲ್ಲಿ ಅದು ಅರ್ಥವಾಗುವುದನ್ನು ನಾನು ನೋಡಿದೆ, ನೋಡಬಾರದಿತ್ತು. ಇಂಜಿನ್ ಆಫ್ ಮಾಡಿದರು. ಬೀಗದ ಕೈಯನ್ನು ತಿರುಗಿ ನೋಡದೆ ಹೆಗಲ ಮೇಲಿಂದ ಹಿಂದಕ್ಕೆ ಚಾಚಿದರು.

"ತಗೊಳ್ಳಯ್ಯ. ನನಗೆ ಕಣ್ಣು ಕಾಣಲ್ಲ."

ಅಂದಿನಿಂದ ಅವರು ಹಿಂದೆ ಕೂತರು, ನಾರಾಯಣಸ್ವಾಮಿ ಓಡಿಸಿದ. ಅವರು ಹೆದರಿದ ಹಾಗೆ ಕಾಲೇಜಿನಲ್ಲಿ ಯಾರೂ ಹಗುರವಾಗಿ ನೋಡಲಿಲ್ಲ. ಪಾಠ ಬಾಯಲ್ಲೇ ಇತ್ತು, ನಿವೃತ್ತಿಯಾಗುವವರೆಗೆ ನಡೆಸಿದರು. ನನ್ನೊಡನೆ ಸಿಟ್ಟು ಮಾಡಲಿಲ್ಲ. ಒಂದು ಬಿರುಕು ಮಾತ್ರ ಉಳಿಯಿತು. ಆಗಾಗ ಅವರ ಮನೆಗೆ ಹೋಗಿ ತಾತನ ಸಿನಿಮಾ ಹಾಕಿ, ಪರದೆಯ ಮೇಲೆ ನಡೆಯುವುದನ್ನು ಹೇಳುತ್ತಿದ್ದೆ. "ಅವಳು ಮೆಟ್ಟಿಲು ಹತ್ತುತ್ತಿದ್ದಾಳೆ ಸಾರ್" ಎಂದರೆ ಒಳಗಿದ್ದ ಹೆಂಡತಿಯನ್ನು ಕೂಗಿ, "ಏ, ಬಾ ಇಲ್ಲಿ. ಹತ್ತುತ್ತಿದ್ದಾಳಾ ನೋಡು" ಅನ್ನುವರು. ಆಕೆ ಕೈ ಒರೆಸಿಕೊಳ್ಳುತ್ತಾ ಬಂದು "ಹೌದು ರೀ" ಎಂದ ಮೇಲೇ ಮುಂದಿನದು. ನನಗೆ ನೋವಾಗುತ್ತಿತ್ತು. ಆದರೆ ತಪ್ಪು ಯಾರದೆಂದು ಹೇಳುವುದು?

ಹೋದ ತಿಂಗಳು ಹೋಗಿದ್ದಾಗ ಮೈ ಸೊರಗಿ ಮಂಚ ಹಿಡಿದಿದ್ದರು. ಸಿನಿಮಾ ಬೇಡವೆಂದರು. ಹೆಂಡತಿ ಕಾಫಿ ತರಲು ಒಳಗೆ ಹೋದಾಗ ತಾವಾಗಿಯೇ ಆ ಮಾತು ತೆಗೆದರು.

"ಆವತ್ತು ನೀನು ಬರೀ ಹಸು ಅಂದೆ. ಬಿಳೀದು ಅಂದ್ಯಾ?"

"ಇಲ್ಲ ಸಾರ್. ಬಣ್ಣ ಹೇಳ್ಲಿಲ್ಲ."

"ನನಗೆ ಬಿಳೀ ಹಸು ಕಾಣ್ತು ಕಣಮ್ಮ. ಒಂದು ಕೊಂಬು ಮೊಂಡು. ಕೊರಳಲ್ಲಿ ತುಂಡು ಹಗ್ಗ ನೇತಾಡ್ತಿತ್ತು. ತಲೆ ತಿರುಗಿಸಿ ನನ್ನನ್ನೇ ನೋಡ್ತು. ಬ್ರೇಕ್ ಹಾಕಿದ್ದು ಅದಕ್ಕೆ, ನಿನ್ನ ಮಾತಿಗಲ್ಲ. ಈಗ ಹೇಳು, ಆ ಹಸು ರೈಟರ್‌ದಾ, ಡೈರೆಕ್ಟರ್‌ದಾ?"

ವಾದ ಗೆದ್ದ ಖುಷಿಯಲ್ಲಿ ಅವರು ಕೆಮ್ಮುತ್ತಾ ನಗುತ್ತಿದ್ದರು. ನಾನೂ ನಗಬೇಕಿತ್ತು. ಇಲ್ಲದ ಹಸು ಹಗ್ಗದ ಸಮೇತ ಕಂಡಿದೆ ಎಂದರೆ, ಅಷ್ಟು ದಿನ ನಾನು ಎಡ ಬಲ ಹೇಳಿ ಜೀವ ಉಳಿಸುತ್ತಿದ್ದೇನೆಂದುಕೊಂಡ ಆ ರಸ್ತೆ ಯಾವುದು? ಕೇಳಬಾರದೆಂದುಕೊಂಡೇ ಕೇಳಿದೆ.

"ಬೇರೆ ದಿನಗಳಲ್ಲೂ ಹಂಗೆ ಕಾಣ್ತಿತ್ತಾ ಸಾರ್?"

"ದಿನಾ ಕಾಣ್ತಿತ್ತು. ರಸ್ತೆ ಪೂರ್ತಿ, ಮರ, ಜನ, ಎಲ್ಲ" ಎಂದು ಸಾರ್ ಕಣ್ಣು ಮುಚ್ಚಿಕೊಂಡರು. "ನೀನು ಹೇಳ್ತಿದ್ದಿದ್ದಕ್ಕಿಂತ ಚೆನ್ನಾಗಿತ್ತು."